ಇಂಗ್ಲೀಷಿನ ‘ಪವರ್’ ಶಬ್ದವೂ ಅದರ ಅರ್ಥಗಳೂ



ಪರಭಾಷೆಯ ಕೆಲವು ಶಬ್ದಗಳು ಕನ್ನಡನಾಡಿಗೆ ಅತಿಥಿಗಳಂತೆ ಬಂದು ಮನೆಯವರೇ ಆಗಿ ನಿಂತುಬಿಟ್ಟಿವೆ. ‘ಪವರ್’ ಎಂಬುದು ಅಂಥವುಗಳಲ್ಲೊಂದು. ಶಾಲೆಯ ಮೆಟ್ಟಿಲನ್ನೇ ಹತ್ತದ ಮುದುಕಿಯೂ ಸಂಜೆಯ ವೇಳೆ ದೀಪವಾರಿದರೆ ‘ಪವರ್ ಹೋಯಿತು’ ಎನ್ನುತ್ತಾಳೆ. ಅವಳ ಮಗನು ಕನ್ನಡಕದ ಅಂಗಡಿಯಲ್ಲಿ ‘ಪವರ್ ಎಷ್ಟು?’ ಎಂದು ಕೇಳುತ್ತಾನೆ. ಮೊಮ್ಮಗನು ಲೆಕ್ಕದ ಪುಸ್ತಕದಲ್ಲಿ ‘ಎರಡರ ಪವರ್ ಐದು’ ಎಂದು ಓದುತ್ತಾನೆ. ಅಳಿಯನು ಹೊಲದ ವ್ಯವಹಾರಕ್ಕಾಗಿ ‘ಪವರ್ ಆಫ್ ಅಟಾರ್ನಿ’ ಬರೆಯಿಸಲು ಸಬ್ ರಿಜಿಸ್ಟ್ರಾರರ ಕಚೇರಿಗೆ ಹೋಗಿರುತ್ತಾನೆ. ಜಗಲಿಯ ಮೇಲೆ ಪತ್ರಿಕೆಯನ್ನು ಹರಡಿಕೊಂಡವನು ಯಾವ ಪಕ್ಷವು ‘ಪವರ್‌’ಗೆ ಬಂದೀತೆಂದು ವಾದಿಸುತ್ತಾನೆ. ಒಂದೇ ಮನೆಯಲ್ಲಿ ಐದು ಜನ, ಐದು ಅರ್ಥ. ಶಬ್ದ ಮಾತ್ರ ಒಂದೇ.

ಇವನ್ನೆಲ್ಲ ಕನ್ನಡಕ್ಕೆ ತರಬೇಕೆಂದು ಹೊರಟ ಭಾಷಾಂತರಕಾರನ ಪಾಡು ನೋಡತಕ್ಕದ್ದು. ದೀಪದ ವಿಷಯದಲ್ಲಿ ವಿದ್ಯುಚ್ಛಕ್ತಿ, ಲೆಕ್ಕದಲ್ಲಿ ಘಾತ, ರಾಜಕಾರಣದಲ್ಲಿ ಅಧಿಕಾರ, ಕಚೇರಿಯಲ್ಲಿ ಮುಖ್ತಾರುನಾಮೆ, ಮನಸ್ಸಿನ ವಿಷಯದಲ್ಲಿ ಸಂಕಲ್ಪಬಲ, ಔಷಧದಲ್ಲಿ ಗುಣ, ಹಣದಲ್ಲಿ ಕೊಳ್ಳುವ ಸಾಮರ್ಥ್ಯ, ಯುದ್ಧಕಾಲದ ವಾರ್ತೆಗಳಲ್ಲಿ ‘ರಾಷ್ಟ್ರ’ ಎಂದು ಅವನು ಬರೆಯಬೇಕಾಗುವುದು. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೀಷರು ‘ಆಕ್ಸಿಸ್ ಪವರ್ಸ್’ ಎಂದುದನ್ನು ಕನ್ನಡದವರು ಅಕ್ಷರಾಷ್ಟ್ರಗಳೆಂದು ಕರೆದರಷ್ಟೆ. ಇಂಗ್ಲೀಷಿನವನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗಿಬಿಡುತ್ತಾನೆ; ಕನ್ನಡದವನು ಪ್ರತಿಸಲವೂ ನಿಂತು, ಇಲ್ಲಿ ಯಾವ ಪವರ್ ಎಂದು ವಿಚಾರಿಸಲೇಬೇಕು. ಇದು ತೊಂದರೆಯೇ ಸರಿ. ಆದರೆ ಹೀಗೆ ನಿಂತು ವಿಚಾರಿಸುವುದರಿಂದ ಇಂಗ್ಲೀಷಿನವನ ಕಣ್ಣಿಗೇ ಬೀಳದ ಸಂಗತಿಯೊಂದು ಬೀಳುವುದು.

ಮೊದಲು ಶಬ್ದದ ಹುಟ್ಟು. ಇದು ಇಂಗ್ಲೀಷರ ಮನೆಮಾತಲ್ಲ. ೧೦೬೬ರಲ್ಲಿ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದ ತರುವಾಯ ಅಲ್ಲಿಯ ಆಸ್ಥಾನದಲ್ಲಿಯೂ ನ್ಯಾಯಸ್ಥಾನಗಳಲ್ಲಿಯೂ ಫ್ರೆಂಚ್ ಭಾಷೆ ನೆಲೆಗೊಂಡಿತು. ಆಳುವವರ ಆ ಭಾಷೆಯಿಂದ ಸುಮಾರು ೧೩೦೦ರ ವೇಳೆಗೆ ‘ಪವರ್’ ಇಂಗ್ಲೀಷಿಗೆ ಇಳಿಯಿತು. ಮೂಲದಲ್ಲಿ ಅದು ನಾಮಪದವಲ್ಲ, ಕ್ರಿಯಾಪದ. ಲ್ಯಾಟಿನ್ನಿನ ‘ಪೋಸ್ಸೆ’, ಎಂದರೆ ‘ಮಾಡಲು ಶಕ್ತನಾಗಿರುವುದು’, ಎಂಬುದರ ಸಂತತಿ. ಸಂಸ್ಕೃತದ ‘ಶಕ್’ ಧಾತುವಿನಿಂದ ಶಕ್ತಿ, ಶಕ್ಯ, ಅಶಕ್ತ ಎಂಬ ಪದಗಳು ಹುಟ್ಟಿದ ಹಾಗೆಯೇ ಅಲ್ಲಿ ಪವರ್, ಪಾಸಿಬಲ್, ಪೊಟೆನ್ಶಿಯಲ್ ಎಂಬವು ಒಂದೇ ಬಳ್ಳಿಯ ಕಾಯಿಗಳು. ‘ಆಗುವುದು’ ಎಂಬ ಕ್ರಿಯೆಯು ಕಾಲಕ್ರಮದಲ್ಲಿ ಒಂದು ವಸ್ತುವಿನಂತೆ ಕಾಣತೊಡಗಿತು. ವಸ್ತುವಾದ ಮೇಲೆ ಅದನ್ನು ಹಿಡಿಯಬಹುದು, ಕಸಿಯಬಹುದು, ಹಂಚಬಹುದು, ಕಳೆದುಕೊಳ್ಳಬಹುದು. ಇಂಗ್ಲೀಷಿನಲ್ಲಿ ಪವರಿನ ಜೊತೆಗೆ ನಡೆಯುವ ಕ್ರಿಯಾಪದಗಳೆಲ್ಲ ಬಹುಮಟ್ಟಿಗೆ ಇಂಥವೇ.

ಇಂಗ್ಲೀಷರಿಗೆ ತಮ್ಮದೇ ಆದ ಹಳೆಯ ಶಬ್ದವೂ ಇತ್ತು, ‘ಮೈಟ್’ ಎಂದು. ‘ಮೇ’ ಎಂಬ ಕ್ರಿಯಾಪದದ ಬೇರೂ ಅದರ ಬೇರೂ ಒಂದೇ. ಹಳೆಯ ಇಂಗ್ಲೀಷಿನಲ್ಲಿ ಆ ಕ್ರಿಯಾಪದಕ್ಕೆ ಮಾಡಲು ಬಲವುಳ್ಳವನಾಗಿರುವುದು ಎಂದೇ ಅರ್ಥ. ಇಂದು ‘ಮೇ’ ಎಂದರೆ ಅಪ್ಪಣೆ. ಬಲದ ಅರ್ಥವು ಅದನ್ನು ಬಿಟ್ಟು ‘ಕ್ಯಾನ್’ ಎಂಬುದಕ್ಕೆ ಹೋಯಿತು. ಈ ‘ಕ್ಯಾನ್’ ಆದರೋ ಮೊದಲು ‘ತಿಳಿದಿರುವುದು’ ಎಂಬ ಅರ್ಥದಲ್ಲಿತ್ತು. ಕನ್ನಡದ ‘ಬಲ್ಲ’ ಎಂಬುದರಲ್ಲಿ ಇಂದಿಗೂ ಆ ಎರಡು ಅರ್ಥಗಳು ಜೊತೆಯಾಗಿಯೇ ಇವೆ: ‘ಅವನು ಶಾಸ್ತ್ರವನ್ನು ಬಲ್ಲ’ ಎಂದರೆ ತಿಳಿವು, ‘ಅವನು ಹೊಳೆಯನ್ನು ಈಜಬಲ್ಲ’ ಎಂದರೆ ಸಾಮರ್ಥ್ಯ. ಸಾವಿರಾರು ಹರದಾರಿ ದೂರದ ಎರಡು ಭಾಷೆಗಳು ತಿಳಿವಿನಿಂದಲೇ ಸಾಮರ್ಥ್ಯವೆಂದು ಬೇರೆಬೇರೆಯಾಗಿ ಕಂಡುಕೊಂಡುದು ಸಂತೋಷದ ವಿಷಯ.

ಮುಂದಿನ ವಿಚಾರಕ್ಕೆಲ್ಲ ಕನ್ನಡದ ಎರಡು ಮಾತುಗಳು ಸಾಕು. ‘ಮಾಡಬಲ್ಲನು’ ಎಂಬುದೊಂದು, ‘ಮಾಡಬಹುದು’ ಎಂಬುದೊಂದು. ಮೊದಲನೆಯದು ತನ್ನೊಳಗಿನಿಂದ ಬಂದುದು. ಎರಡನೆಯದು ಇನ್ನೊಬ್ಬರು ಕೊಟ್ಟುದು. ಇಂಗ್ಲೀಷಿನ ಪವರ್ ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿಕೊಂಡು ತಿರುಗುವ ಶಬ್ದ.

ಬಲ್ಲವನ ಪವರಿಗೆ ಅಳತೆಗೋಲು ಬಂದ ಕಥೆ ಸ್ವಾರಸ್ಯವಾಗಿದೆ. ಜೇಮ್ಸ್ ವಾಟ್ ಎಂಬ ಸ್ಕಾಟ್ಲೆಂಡಿನ ಯಂತ್ರಕಾರನು ಉಗಿಯಂತ್ರವನ್ನು ಸುಧಾರಿಸಿ ೧೭೬೯ರಲ್ಲಿ ಹಕ್ಕುಪತ್ರ ಪಡೆದನು. ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ ಎಂಬ ವರ್ತಕನು ೧೭೭೫ರಲ್ಲಿ ಅವನೊಡನೆ ಪಾಲುಗಾರನಾದನು. ಗಣಿಗಳಲ್ಲಿ ಹಳೆಯ ಯಂತ್ರಗಳಿದ್ದವು. ಹೊಸ ಯಂತ್ರದಿಂದ ಉಳಿದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರರಲ್ಲೊಂದು ಪಾಲು ತಮಗೆ ಸಲ್ಲಬೇಕೆಂದು ಇವರು ಕರಾರು ಮಾಡಿಕೊಳ್ಳುತ್ತಿದ್ದರು. ಆದರೆ ಲಂಡನ್ನಿನ ಬಿಯರ್ ತಯಾರಕರ ಬಳಿ ಹಳೆಯ ಯಂತ್ರವೇ ಇರಲಿಲ್ಲ, ಗಾಣದೆತ್ತಿನಂತೆ ಸುತ್ತುವ ಕುದುರೆಗಳಿದ್ದವು. ಕುದುರೆ ಕಲ್ಲಿದ್ದಲನ್ನು ತಿನ್ನುವುದಿಲ್ಲವಲ್ಲ! ಉಳಿತಾಯವನ್ನು ಯಾವುದಕ್ಕೆ ಹೋಲಿಸಿ ಲೆಕ್ಕ ಹಾಕುವುದು? ಆಗ ವಾಟನು ಕುದುರೆಯನ್ನೇ ಅಳತೆಯಾಗಿ ಮಾಡಿದನು. ಒಂದು ನಿಮಿಷದಲ್ಲಿ ೩೩,೦೦೦ ಪೌಂಡು ಭಾರವನ್ನು ಒಂದು ಅಡಿ ಮೇಲಕ್ಕೆ ಎತ್ತುವುದು ಒಂದು ‘ಹಾರ್ಸ್ ಪವರ್’ ಎಂದು ೧೭೮೦ರ ದಶಕದಲ್ಲಿ ನಿಷ್ಕರ್ಷೆಯಾಯಿತು. ಸಾಮಾನ್ಯವಾದ ಕುದುರೆಯೊಂದು ದಿನವೆಲ್ಲ ಅಷ್ಟು ದುಡಿಯಲಾರದು. ಗಿರಾಕಿಗೆ ಮೋಸವಾಗದಿರಲೆಂದು ವಾಟನು ಕುದುರೆಗೆ ತುಸು ಹೆಚ್ಚಿನ ಮರ್ಯಾದೆಯನ್ನೇ ಕೊಟ್ಟನೆನ್ನಬೇಕು. ೧೮೮೨ರಲ್ಲಿ ವಿಲಿಯಂ ಸೀಮೆನ್ಸನ ಸಲಹೆಯಂತೆ ಈ ಅಳತೆಗೆ ವಾಟನ ಹೆಸರೇ ಬಂತು. ಒಂದು ಕುದುರೆಯ ಬಲವೆಂದರೆ ಸುಮಾರು ೭೪೬ ವಾಟ್.

ಅದೇ ಬೋಲ್ಟನನ ಕಾರ್ಖಾನೆಗೆ ೧೭೭೬ರಲ್ಲಿ ಜೇಮ್ಸ್ ಬಾಸ್ವೆಲ್ ಎಂಬ ಲೇಖಕನು ಹೋಗಿದ್ದನು. ಲೋಕದ ಜನರೆಲ್ಲ ಬಯಸುವ ಪದಾರ್ಥವನ್ನೇ ತಾನಿಲ್ಲಿ ಮಾರುತ್ತಿರುವುದಾಗಿಯೂ ಅದು ಪವರ್ ಎಂಬುದಾಗಿಯೂ ಬೋಲ್ಟನನು ಅವನಿಗೆ ಹೇಳಿದನಂತೆ. ಡಾಕ್ಟರ್ ಜಾನ್ಸನ್ನನ ಜೀವನಚರಿತ್ರೆಯಲ್ಲಿ ಬಾಸ್ವೆಲನು ಈ ಮಾತನ್ನು ಸೇರಿಸಿದ್ದಾನೆ. ಮಾರುತ್ತಿದ್ದುದು ಉಗಿಯ ಬಲ. ಲೋಕವು ಬಯಸುವುದು ಇನ್ನೊಬ್ಬರ ಮೇಲಿನ ಬಲ. ಶಬ್ದವೊಂದೇ ಆದುದರಿಂದ ಈ ಚಮತ್ಕಾರ ಸಾಧ್ಯವಾಯಿತು. ಕನ್ನಡದಲ್ಲಿ ಇದನ್ನು ಹೇಳಹೊರಟರೆ ಶಕ್ತಿ ಎನ್ನಬೇಕೋ ಅಧಿಕಾರವೆನ್ನಬೇಕೋ ತಿಳಿಯದೆ ಚಮತ್ಕಾರವು ಬಾಯಲ್ಲೇ ಒಣಗುವುದು.

ದೀಪದ ಪವರಿನ ವಿಷಯವನ್ನು ಇಲ್ಲಿಯೇ ಮುಗಿಸಬಹುದು. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿಯ ಜಲಪಾತದಿಂದ ಹುಟ್ಟಿದ ವಿದ್ಯುತ್ತು ಸುಮಾರು ೯೨ ಮೈಲು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ಕನ್ನಡದ ಜನಸಾಮಾನ್ಯರು ಅದನ್ನು ‘ಕರೆಂಟು’ ಎಂದು, ಎಂದರೆ ಹರಿವು ಎಂಬರ್ಥದ ಇಂಗ್ಲೀಷ್ ಶಬ್ದದಿಂದ, ಕರೆದರು. ಹೊಳೆಯಿಂದ ಬಂದುದಕ್ಕೆ ಹರಿವೆಂಬ ಹೆಸರು ಒಪ್ಪುವಂಥದೇ. ತಿಂಗಳ ಕೊನೆಗೆ ಬರುವ ಬಿಲ್ಲಿನಲ್ಲಿ ಅಳೆದಿರುವುದು ಮಾತ್ರ ಶಾಸ್ತ್ರೀಯವಾಗಿ ಪವರ್ ಅಲ್ಲ. ಒಂದು ಸಾವಿರ ವಾಟಿನ ಒಲೆಯು ಒಂದು ತಾಸು ಉರಿದರೆ ಒಂದು ಯೂನಿಟ್. ಅದು ವ್ಯಯವಾದ ಚೈತನ್ಯದ ಮೊತ್ತ. ಪವರ್ ಎಂದರೆ ಆ ಚೈತನ್ಯವು ವ್ಯಯವಾಗುವ ವೇಗ. ಬಕೆಟ್ಟಿನ ನೀರೇ ಬೇರೆ, ನಲ್ಲಿಯ ಧಾರೆಯೇ ಬೇರೆ. ಬಳಕೆಯ ಇಂಗ್ಲೀಷಿನಲ್ಲಿ ಈ ಎರಡೂ ಪವರೇ.

ಕನ್ನಡಕದ ಪವರಿನಲ್ಲೊಂದು ವಿನೋದವುಂಟು. ಅಲ್ಲಿ ಪವರ್ ಎಂಬುದು ಗಾಜು ಬೆಳಕನ್ನು ಬಗ್ಗಿಸುವ ಪ್ರಮಾಣ. ಎರಡು ಡಯಾಪ್ಟರಿನ ಮಸೂರವು ದೂರದ ಬೆಳಕನ್ನು ಅರ್ಧ ಮೀಟರಿನಲ್ಲಿ ಕೂಡಿಸುತ್ತದೆ. ಗಾಜಿನ ಪವರ್ ಹೆಚ್ಚಿದಷ್ಟೂ ಧರಿಸುವವನ ಕಣ್ಣಿನ ದೋಷ ಹೆಚ್ಚೆಂದೇ ತಿಳಿಯಬೇಕು. ಲೆಕ್ಕದ ಪವರ್ ಗ್ರೀಕರಿಂದ ಬಂದುದು. ಅವರ ‘ಡ್ಯುನಾಮಿಸ್’, ಎಂದರೆ ಶಕ್ತಿ, ಎಂಬ ಮಾತು ಗಣಿತದಲ್ಲಿ ವರ್ಗಕ್ಕೆ ಸಲ್ಲುತ್ತಿತ್ತು. ಇಂಗ್ಲೀಷಿನಲ್ಲಿ ಅದು ಪವರ್ ಆಯಿತು. ಡೈನಮೋ, ಡೈನಮೈಟ್ ಎಂಬವೂ ಆ ಗ್ರೀಕ್ ಶಬ್ದದ ಮಕ್ಕಳೇ.

ಗ್ರೀಕ್ ಎಂದೊಡನೆ ಇನ್ನೊಂದು ಸಂಗತಿ ನೆನಪಿಗೆ ಬರುವುದು. ಆ ಭಾಷೆಯಲ್ಲಿ ಬಲ್ಲ ಪವರಿಗೆ ‘ಡ್ಯುನಾಮಿಸ್’ ಎಂದೂ, ಬಹುದು ಎಂಬ ಪವರಿಗೆ ‘ಎಕ್ಸೂಸಿಯಾ’ ಎಂದೂ ಬೇರೆಬೇರೆ ಶಬ್ದಗಳಿದ್ದವು. ಕ್ರೈಸ್ತರ ಹೊಸ ಒಡಂಬಡಿಕೆಯನ್ನು ಇಂಗ್ಲೀಷಿಗೆ ತಂದವರು ಬಹಳ ಕಡೆಗಳಲ್ಲಿ ಎರಡಕ್ಕೂ ಪವರ್ ಎಂದೇ ಬರೆದರು. ೧೫೨೬ರಲ್ಲಿ ವಿಲಿಯಂ ಟಿಂಡೇಲನು, ೧೬೧೧ರಲ್ಲಿ ಜೇಮ್ಸ್ ದೊರೆಯ ಅಪ್ಪಣೆಯಂತೆ ಕೂಡಿದ ಪಂಡಿತರು, ಇಬ್ಬರೂ ಹೀಗೆಯೇ ಮಾಡಿದರು. ಬಳಕೆಯ ಇಂಗ್ಲೀಷಿನಲ್ಲಿ ಮೇಲಿನ ಅಧಿಕಾರಿಗಳನ್ನು ತುಸು ವ್ಯಂಗ್ಯದಿಂದ ‘ದಿ ಪವರ್ಸ್ ದಟ್ ಬಿ’ ಎನ್ನುವ ರೂಢಿಯು ಟಿಂಡೇಲನ ಲೇಖನಿಯಿಂದಲೇ ಬಂದುದು. ೧೮೮೧ರ ಪರಿಷ್ಕೃತ ಭಾಷಾಂತರದಲ್ಲಿ ಕೆಲವೆಡೆ ಪವರನ್ನು ತೆಗೆದು ‘ಅಥಾರಿಟಿ’ ಎಂಬುದನ್ನು ಇಟ್ಟರು. ಅಷ್ಟರಲ್ಲಿ ಮುನ್ನೂರೈವತ್ತು ವರ್ಷಗಳು ಸಂದುಹೋಗಿದ್ದವು. ಆಳುವವನಿಗೆ ಬಲವಿರುವುದೂ ಅವನು ಆಳಲು ಅರ್ಹನಾಗಿರುವುದೂ ಒಂದೇ ಎಂಬ ಭಾವನೆಯನ್ನು ಇಷ್ಟು ಕಾಲ ಒಂದು ಶಬ್ದವೇ ಪೋಷಿಸಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ರಾಜ್ಯಗಳನ್ನೇ ಪವರ್ ಎಂದು ಕರೆಯುವ ವಾಡಿಕೆಯೂ ಈ ಜಾತಿಗೆ ಸೇರಿದುದು. ವಿಲಿಯಂ ಫಾಕ್ಸ್ ಎಂಬ ಅಮೆರಿಕದ ವಿದ್ವಾಂಸನು ೧೯೪೪ರಲ್ಲಿ ‘ಸೂಪರ್ ಪವರ್’ಗಳ ಮೇಲೆ ಪುಸ್ತಕ ಬರೆದಾಗ ಅಮೆರಿಕ, ಸೋವಿಯತ್ ಒಕ್ಕೂಟಗಳ ಜೊತೆಗೆ ಬ್ರಿಟನ್ನನ್ನೂ ಎಣಿಸಿದ್ದನು, ಮುಂದಿನ ಐವತ್ತು ವರ್ಷಗಳಲ್ಲಿ ಒಂದು ಪಟ್ಟಿಯಿಂದ ಜಾರಿತು, ಇನ್ನೊಂದು ಭೂಪಟದಿಂದಲೇ ಅಳಿಯಿತು.

ಇನ್ನು ಕಚೇರಿಯ ಪವರ್. ಇಲ್ಲಿ ಶಬ್ದದ ಗೊಂದಲದಿಂದ ಮನೆ ಹೊಲಗಳೇ ಹೋಗುವ ಸಂಭವವುಂಟು. ‘ಪವರ್ ಬರೆದುಕೊಟ್ಟರು’ ಎಂದು ಜನರು ಹೇಳುವಾಗ, ಕೊಟ್ಟವನು ಬರಿಗೈಯವನಾದನು, ಪಡೆದವನು ಒಡೆಯನಾದನು ಎಂಬ ಭಾವನೆ ಅದರೊಳಗಿರುತ್ತದೆ. ನ್ಯಾಯವು ಹಾಗಿಲ್ಲ. ಮುಖ್ತಾರುನಾಮೆಯು ಶುದ್ಧವಾದ ‘ಬಹುದು’. ಬರೆದುಕೊಟ್ಟವನ ಪರವಾಗಿ ಆಳು ಇಂಥಿಂಥ ಕೆಲಸಗಳನ್ನು ಮಾಡಬಹುದು, ಅಷ್ಟೆ. ೧೮೭೨ರ ಕರಾರು ಕಾಯಿದೆಯ ಮೇರೆಗೆ, ಪಡೆದವನಿಗೆ ಆ ಸ್ವತ್ತಿನಲ್ಲಿಯೇ ಹಿತಸಂಬಂಧವಿಲ್ಲದಿದ್ದರೆ, ಕೊಟ್ಟವನ ಉಸಿರು ನಿಂತೊಡನೆ ಆ ಬಹುದೂ ನಿಲ್ಲುವುದು. ಆದರೂ ಕ್ರಯಪತ್ರದ ಖರ್ಚನ್ನು ತಪ್ಪಿಸಲೋ ಬೇರೆ ಕಾರಣಕ್ಕೋ ಜನರಲ್ ಪವರಿನ ಮೇಲೆಯೇ ನಿವೇಶನಗಳನ್ನು ಕೊಳ್ಳುವ ಪದ್ಧತಿ ಪಟ್ಟಣಗಳಲ್ಲಿ ಬೆಳೆಯಿತು. ೨೦೧೧ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಇಂಥ ಪತ್ರಗಳಿಂದ ಸ್ಥಿರಸ್ವತ್ತಿನ ಒಡೆತನವು ವರ್ಗವಾಗದೆಂದು ಸ್ಪಷ್ಟಪಡಿಸಿತು. ಜೀವಮಾನದ ಗಳಿಕೆಯನ್ನು ಸುರಿದು ಬಹುದನ್ನು ಕೊಂಡವರು ಒಡೆತನವನ್ನು ಕೊಂಡೆವೆಂದೇ ನಂಬಿದ್ದರು.

ಬಲ್ಲ, ಬಹುದು ಎಂಬ ಎರಡೇ ಸಾಕೇ? ‘ಬೇಕು’ ಎಂಬ ಮೂರನೆಯದೊಂದು ಇದೆ. ಪವರ್ ಪಡೆದವನು ಅದನ್ನು ಉಪಯೋಗಿಸಬಹುದು, ಸರಿ, ಉಪಯೋಗಿಸಲೇಬೇಕೇ? ಇಂಗ್ಲೆಂಡಿನಲ್ಲಿ ಈ ಪ್ರಶ್ನೆಯು ಒಬ್ಬ ಧರ್ಮಾಧಿಕಾರಿಯ ಮೊಕದ್ದಮೆಯಲ್ಲಿಯೇ ಏಳಬೇಕಾಯಿತು. ಕ್ಲೂಯರ್ ಎಂಬ ಊರಿನ ಚರ್ಚಿನಲ್ಲಿ ಪಾದ್ರಿಯು ನಿಯಮಕ್ಕೆ ಹೊರತಾದ ಪೂಜಾವಿಧಿಗಳನ್ನು ನಡೆಯಿಸುತ್ತಿದ್ದಾನೆಂದು ಅಲ್ಲಿಯ ನಿವಾಸಿಯೊಬ್ಬನು ಆಕ್ಸ್‌ಫರ್ಡಿನ ಬಿಷಪ್ಪನಿಗೆ ದೂರಿಕೊಂಡನು. ೧೮೪೦ರ ಕಾಯಿದೆಯಂತೆ ವಿಚಾರಣಾ ಮಂಡಲಿಯನ್ನು ನೇಮಿಸುವುದು ಬಿಷಪ್ಪನಿಗೆ ನ್ಯಾಯಸಮ್ಮತವಾಗಿತ್ತು. ಬಿಷಪ್ಪನು ನೇಮಿಸಲಿಲ್ಲ. ಪವರ್ ಇದ್ದ ಮೇಲೆ ನೇಮಿಸಲೇಬೇಕೆಂದು ದೂರುಗಾರನ ವಾದ. ಪವರ್ ಇದೆಯೆಂದ ಮಾತ್ರಕ್ಕೆ ಬಲವಂತವೇನೆಂದು ಬಿಷಪ್ಪನ ವಾದ. ವಿಷಯವು ಲಾರ್ಡರ ಸಭೆಯವರೆಗೂ ಹೋಗಿ ೧೮೮೦ರಲ್ಲಿ ತೀರ್ಮಾನವಾಯಿತು. ಗೆದ್ದವನು ಬಿಷಪ್ಪನೇ. ಆದರೆ ಆ ತೀರ್ಪಿನಲ್ಲಿ ಲಾರ್ಡ್ ಕೇರ್ನ್ಸನು ಹೇಳಿದ ಮಾತು ಸೋತವನ ಕಡೆಗೆ ಒಲಿದಂತಿದೆ. ಪವರನ್ನು ಕೊಡುವ ಮಾತುಗಳು ಬರೀ ಬಹುದನ್ನೇ ಹೇಳುತ್ತವೆ, ನಿಜ. ಆದರೂ ಆ ಕೆಲಸದ ಸ್ವರೂಪ, ಅದರ ಉದ್ದೇಶ, ಯಾರ ಹಿತಕ್ಕಾಗಿ ಅದನ್ನು ಕೊಟ್ಟಿದೆಯೋ ಅವರ ಹಕ್ಕು, ಇವುಗಳನ್ನು ನೋಡಿದರೆ ಕೆಲವೆಡೆ ಪವರಿಗೆ ಕರ್ತವ್ಯವೂ ಗಂಟುಬಿದ್ದಿರುವುದುಂಟು ಎಂಬುದು ಅವನ ಅಭಿಪ್ರಾಯ. ೧೯೫೧ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವೂ ಮುಂಬಯಿಯ ಚಿತ್ರಮಂದಿರವೊಂದರ ಮೊಕದ್ದಮೆಯಲ್ಲಿ ಈ ತತ್ತ್ವವನ್ನು ಅಂಗೀಕರಿಸಿತು. ಮಠಮಾನ್ಯಗಳ, ಧರ್ಮದತ್ತಿಗಳ, ವಿದ್ಯಾಸಂಸ್ಥೆಗಳ ಆಡಳಿತದಲ್ಲಿರುವವರು ಈ ಗಂಟನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲರು. ಮೊಹರು ಕೈಯಲ್ಲಿದೆ, ಯಾರಿಗಾಗಿ ಇದೆಯೋ ಅವರು ಬಾಗಿಲಲ್ಲಿ ನಿಂತಿದ್ದಾರೆ.

ಅಮೆರಿಕದ ಕರಿಯ ಜನರ ಇತಿಹಾಸದಲ್ಲಿ ಬಹುದು ಬಲ್ಲಗಳ ಅಂತರವು ಎದ್ದುಕಾಣುವಂತೆ ಒಡೆದು ತೋರಿತು. ೧೯೬೫ರ ಕಾಯಿದೆಯು ಅವರ ಮತದಾನಕ್ಕೆ ಒಡ್ಡಿದ್ದ ಅಡ್ಡಿಗಳನ್ನು ನಿಷೇಧಿಸಿತು. ಮತ ಹಾಕಬಹುದು. ಆದರೆ ಮಿಸಿಸಿಪಿಯ ಹಳ್ಳಿಗಾಡಿನಲ್ಲಿ ಹಾಕಬಲ್ಲವರೆಷ್ಟು ಮಂದಿ? ೧೯೬೬ರ ಜೂನಿನಲ್ಲಿ ಅದೇ ಸೀಮೆಯ ಗ್ರೀನ್‌ವುಡ್ ಎಂಬಲ್ಲಿ ಸ್ಟೋಕ್ಲಿ ಕಾರ್ಮೈಕಲ್ ಎಂಬ ತರುಣನು ‘ಬ್ಲ್ಯಾಕ್ ಪವರ್’ ಎಂದು ಕೂಗಿದಾಗ ಜನಸ್ತೋಮವು ಪ್ರತಿಧ್ವನಿಸಿತು; ದೇಶದ ಬಿಳಿಯರು ಅದರಲ್ಲಿ ತಮ್ಮ ಮೇಲೆ ದಂಡೆತ್ತುವ ಅರ್ಥವನ್ನು ಕೇಳಿದರು, ಕೂಗಿದವರಲ್ಲಿ ಅನೇಕರು ಹೇಳಿದ್ದು ತಮ್ಮ ಕಾಲ ಮೇಲೆ ತಾವು ನಿಲ್ಲುವುದನ್ನು. ಮಾರ್ಟಿನ್ ಲೂಥರ್ ಕಿಂಗರಿಗೆ ಆ ಘೋಷಣೆ ಹಿಡಿಸಲಿಲ್ಲ. ಆದರೂ ಮರುವರ್ಷ ಅಟ್ಲಾಂಟದಲ್ಲಿ ಮಾತನಾಡುತ್ತ ಅವರು, ಸರಿಯಾಗಿ ತಿಳಿದರೆ ಪವರ್ ಎಂದರೆ ಉದ್ದೇಶವನ್ನು ಸಾಧಿಸುವ ಸಾಮರ್ಥ್ಯವೇ ಸರಿ, ಅದಕ್ಕೂ ಪ್ರೇಮಕ್ಕೂ ವಿರೋಧವನ್ನು ಕಲ್ಪಿಸಿದ್ದು ದೊಡ್ಡ ತಪ್ಪಾಯಿತು ಎಂದು ವಿವರಿಸಿದರು. ಧರ್ಮಬೋಧಕನೊಬ್ಬನು ಶಬ್ದವನ್ನು ಅದರ ತೌರುಮನೆಯಾದ ‘ಪೋಸ್ಸೆ’ಗೆ ಮರಳಿಸಿದ ಹಾಗಾಯಿತು.

ಇಂಥ ಚಳವಳಿಗಳ ಕಾಲದಲ್ಲಿಯೇ ‘ಎಂಪವರ್ಮೆಂಟ್’ ಎಂಬ ಶಬ್ದಕ್ಕೆ ಹೊಸ ಜೀವ ಬಂತು. ‘ಎಂಪವರ್’ ಎಂಬ ಕ್ರಿಯಾಪದವು ಹದಿನೇಳನೆಯ ಶತಮಾನದ್ದು. ಆಗ ಅದಕ್ಕೆ ಅಧಿಕಾರಪತ್ರ ಕೊಡುವುದೆಂಬ ಕಚೇರಿಯ ಅರ್ಥ. ಈಚೆಗೆ ಅದು ದುರ್ಬಲರನ್ನು ಶಕ್ತರನ್ನಾಗಿ ಮಾಡುವುದು ಎಂದಾಗಿದೆ. ಕನ್ನಡದಲ್ಲಿ ‘ಸಬಲೀಕರಣ’ವೆಂಬ ಪದವನ್ನು ಕಟ್ಟಿದವರು ಎರಡು ಅರ್ಥಗಳಲ್ಲಿ ಒಂದನ್ನು ಆರಿಸಿಕೊಂಡರು. ಬಲ ಬಂತು; ಅಧಿಕಾರ ಹೊರಗುಳಿಯಿತು. ಮಹಿಳಾ ಸಬಲೀಕರಣವೆಂಬ ಫಲಕದ ಕೆಳಗೆ ಹೊಲಿಗೆ ಯಂತ್ರವನ್ನು ಹಂಚುವುದು ಸಹಜವಾಗಿ ತೋರುವುದು. ಹಣದ ಚೆಕ್ಕಿಗೆ ಸಹಿ ಹಾಕುವ ಹಕ್ಕನ್ನು ಹಂಚುವುದು ಅಷ್ಟು ಸಹಜವಾಗಿ ತೋರದು. ಅಪವಾದವಿಲ್ಲವೆಂದಲ್ಲ. ಸ್ತ್ರೀಯರಿಗೆ ಅಧಿಕಾರವನ್ನೇ ಕೊಡುವ ಯತ್ನವು ಈ ನಾಡಿನಲ್ಲಿ ಬೇಗನೆಯೇ ನಡೆಯಿತು. ೧೯೮೩ರ ಕಾಯಿದೆಯಂತೆ ೧೯೮೭ರಲ್ಲಿ ನಡೆದ ಚುನಾವಣೆಗಳಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳ ನೂರಕ್ಕೆ ಇಪ್ಪತ್ತೈದು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿದ್ದವು. ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ಎಪ್ಪತ್ತಮೂರನೆಯ ತಿದ್ದುಪಡಿಯು ದೇಶಕ್ಕೆಲ್ಲ ಮೂರರಲ್ಲೊಂದು ಪಾಲನ್ನು ವಿಧಿಸಿತು. ಕರ್ನಾಟಕವು ತರುವಾಯ ಅದನ್ನು ಅರ್ಧಕ್ಕೆ ಏರಿಸಿತು.

ಹಾಗೆ ಚುನಾಯಿತಳಾದ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಅವಳ ಗಂಡನೋ ಮೈದುನನೋ ಕುಳಿತು ಕಡತವನ್ನು ತಿರುವುವ ನೋಟವು ಹಳ್ಳಿಗಳಲ್ಲಿ ಅಪರೂಪವಲ್ಲ. ಬಹುದು ಅವಳದು, ಬಲ್ಲೆನೆಂಬ ಗರ್ವ ಅವನದು. ಓದುಬರಹ, ಲೆಕ್ಕಪತ್ರ, ಕಚೇರಿಯ ಮಾತು ಇವುಗಳನ್ನು ಅವಳಿಗೆ ಯಾರೂ ಕಲಿಸಿರುವುದಿಲ್ಲ. ಬಲ್ಲ ಎಂಬುದರ ಮೊದಲರ್ಥವು ತಿಳಿವೆಂಬುದನ್ನು ಇಲ್ಲಿ ಮರೆಯಬಾರದು. ಎರಡನೆಯ ಅವಧಿಗೆ ಅದೇ ಹೆಂಗಸು ಗೆದ್ದು ಬಂದಾಗ ಕಡತವನ್ನು ತಾನೇ ಎಳೆದುಕೊಂಡು ಓದುವುದೂ ಉಂಟು. ಗಂಡನು ಹೊರಗಿನ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕುಳಿತಿರುತ್ತಾನೆ.

ಆದರೆ ಕಡತದೊಳಗೆ ಎಷ್ಟು ಪವರ್ ಇದೆಯೆಂಬುದು ಬೇರೆಯೇ ಪ್ರಶ್ನೆ. ಸಂವಿಧಾನದ ಆ ಭಾಗವನ್ನು ಇಂಗ್ಲೀಷಿನಲ್ಲಿ ಓದಿದವರಿಗೆ ಒಂದು ಸೂಕ್ಷ್ಮ ಕಾಣುವುದು. ಸ್ತ್ರೀಯರ ಸ್ಥಾನಗಳನ್ನು ಕುರಿತ ೨೪೩-ಡಿ ಅನುಚ್ಛೇದದಲ್ಲಿ ಬಳಸಿರುವುದು ‘ಶಲ್’ ಎಂಬ ವಿಧಿವಾಚಕ, ಮೀಸಲಿಡತಕ್ಕದ್ದು. ಪಂಚಾಯಿತಿಗಳಿಗೆ ಪವರನ್ನೂ ಅಥಾರಿಟಿಯನ್ನೂ ಕೊಡುವ ೨೪೩-ಜಿ ಅನುಚ್ಛೇದದಲ್ಲಿ ಬಳಸಿರುವುದು ‘ಮೇ’. ರಾಜ್ಯದ ಶಾಸನಸಭೆಯು ಕೊಡಬಹುದು. ಹನ್ನೊಂದನೆಯ ಅನುಸೂಚಿಯಲ್ಲಿ ಕುಡಿಯುವ ನೀರು, ಸಣ್ಣ ನೀರಾವರಿ, ಪ್ರಾಥಮಿಕ ಶಿಕ್ಷಣ ಮೊದಲಾದ ೨೯ ವಿಷಯಗಳು ಸಾಲಾಗಿ ನಿಂತಿವೆ. ಕುರ್ಚಿಗೆ ‘ತಕ್ಕದ್ದು’, ಕುರ್ಚಿಯ ಮೇಲಿನ ಕೆಲಸಕ್ಕೆ ‘ಬಹುದು’. ಲಾರ್ಡ್ ಕೇರ್ನ್ಸನ ಮಾತನ್ನು ಬಲ್ಲ ವಕೀಲರು ಈ ಬಹುದಿಗೂ ಕರ್ತವ್ಯದ ಗಂಟು ಬಿದ್ದಿದೆಯೇ ಎಂದು ಕೇಳಬಹುದು. ಅಧ್ಯಕ್ಷೆಯು ಅಷ್ಟು ದೂರ ಹೋಗಬೇಕಾಗಿಲ್ಲ. ಊರ ಬೋರ್‌ವೆಲ್ಲಿನ ಪಂಪು ಕೆಟ್ಟು ಮೂರು ದಿನವಾಗಿ, ದುರಸ್ತಿಯ ಕಾಗದವು ತಾಲ್ಲೂಕಿನಲ್ಲಿ ಯಾರ ಮೇಜಿನ ಮೇಲಿದೆಯೆಂದು ವಿಚಾರಿಸಲು ಅವಳು ಬೆಳಗಿನ ಬಸ್ಸಿಗೆ ಹೊರಟು ನಿಂತಿರುತ್ತಾಳೆ.